ನೋಡ್ಕೊಳ್ತಾರಂತೆ

ಹೊಸನಗರ ತಾಲ್ಲೂಕಿನ ಹೊಳೆದಂಡೆಯ ಆ ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ದುಗ್ಗಮ್ಮ ಒಬ್ಬಳೇ. ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿ ಬಂದಿದ್ದಳು. ಗೇಣಿಗೆ ಗದ್ದೆ ಮಾಡುತ್ತಿದ್ದ ಅವಳ ಅಪ್ಪ ಬೆಳ್ಳಪ್ಪನಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ನಾಲ್ಕು ಜನ ಸೇರಿದಲ್ಲೆಲ್ಲ, "ನಮ್ ದುಗ್ಗಿಗೆ ಇಂಗ್ಲೀಷ್ ಬತ್ತದೆ" ಎಂದು ಒಮ್ಮೆಯಾದರೂ ಹೇಳದೆ ಅವನು ಎದ್ದು ಬರುತ್ತಿರಲಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮೇಲೇಳುತ್ತಿದ್ದ ಕಾಲ. ಊರು ಮುಳುಗುವುದು ಖಾತ್ರಿಯಾಗಿತ್ತು. ಒಡೆಯರಿಗೆ ಬೇರೆ ಕಡೆ ಜಮೀನು ಕೊಡುತ್ತಾರೆಂಬ ಸುದ್ದಿ ಇತ್ತು. ಗೇಣಿಯವರ ಗತಿಯೇನೆಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜೀಪಿನಲ್ಲಿ ಎಂಜಿನಿಯರು ಬಂದರು. ಉತ್ತರದ ಕಡೆಯವರು, ಕನ್ನಡ ಬಾರದು. ಜೊತೆಗೆ ಬರಬೇಕಿದ್ದ ಗುಮಾಸ್ತನಿಗೆ ಜ್ವರವಂತೆ. ಬೆಳ್ಳಪ್ಪ ಮಗಳನ್ನು ಮುಂದೆ ನೂಕಿದ.

"ಕೇಳು ಮಗಾ. ಪಟ್ಟೆ ನಮ್ ಹೆಸರಲ್ಲಿ ಇಲ್ಲ, ಆದ್ರೆ ಅಜ್ಜನ ಕಾಲದಿಂದ ಗೆಯ್ದಿದ್ದು ನಾವು. ನಮ್ಗೂ ಎಲ್ಲಾದ್ರೂ ಗದ್ದೆ ಕೊಡ್ತಾರಾ ಅಂತ ಕೇಳು."

ದುಗ್ಗಮ್ಮ ಪುಸ್ತಕದಲ್ಲಿ ಓದಿದ ವಾಕ್ಯಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಜೋಡಿಸಿ ಕೇಳಿದಳು. ಎಂಜಿನಿಯರು ಟೋಪಿ ತೆಗೆದು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಐ ವಿಲ್ ಲುಕ್ ಇನ್‌ಟು ಇಟ್" ಎಂದರು.

‘ಲುಕ್’ ಅಂದರೆ ನೋಡು, ಅದು ಅವಳಿಗೆ ಗೊತ್ತು. ಅದರ ಹಿಂದೆ ಬಂದ ಪುಟ್ಟ ಮಾತು ಕೈಗೆ ಸಿಗಲಿಲ್ಲ. ಶಾಲೆಯ ಪಾಠದಲ್ಲಿ ದಾದಿಯೊಬ್ಬಳು ರೋಗಿಯನ್ನು ‘ಲುಕ್’ ಏನೋ ಮಾಡುತ್ತಿದ್ದಳು, ಮೇಷ್ಟ್ರು ಅದಕ್ಕೆ ನೋಡಿಕೊಳ್ಳುವುದು ಎಂದು ಅರ್ಥ ಹೇಳಿದ್ದರು. ಇದೂ ಅದೇ ಇರಬೇಕು. ಊರಿಗೆ ಊರೇ ಅವಳ ಬಾಯನ್ನು ನೋಡುತ್ತಿತ್ತು.

"ನೋಡ್ಕೊಳ್ತಾರಂತೆ" ಎಂದಳು.

ಬೆಳ್ಳಪ್ಪ ಎರಡೂ ಕೈ ಎತ್ತಿ ಮುಗಿದ. ಎಂಜಿನಿಯರು ಸಂಕೋಚದಿಂದ ತಲೆಯಾಡಿಸಿ ಜೀಪು ಹತ್ತಿದರು.

ಮುಂದಿನ ವಾರ ದುಗ್ಗಮ್ಮನ ಸೋದರಮಾವ ಜಟ್ಟಿಂಗಪ್ಪ ತೀರ್ಥಹಳ್ಳಿ ಕಡೆಯಿಂದ ಬಂದ. ಅವನ ಊರು ಕವಲೇದುರ್ಗದ ಕೆಳಗೆ. ಅಲ್ಲಿನ ಹೂವಯ್ಯನವರ ಗದ್ದೆಯೊಂದು ಗೇಣಿಗೆ ಖಾಲಿ ಬಿದ್ದಿತ್ತು.

"ನೀರಿನ ಆಸರೆ ಇರೋ ಗದ್ದೆ, ಭಾವ. ನಿಮ್ಗೇ ಕೊಡ್ಸ್ತೀನಿ ಅಂತ ಮಾತಾಡಿ ಬಂದೀನಿ. ಈಗ್ಲೇ ಹೊರಡಿ."

"ಮತ್ತೂ ಗೇಣಿಯಾ? ಬ್ಯಾಡ ಮಾರಾಯ. ಸರ್ಕಾರದೋರೇ ನೋಡ್ಕೊಳ್ತೀವಿ ಅಂದಿದಾರೆ."

"ಅದು ಬರೀ ಬಾಯಿಮಾತು."

"ಇಂಗ್ಲೀಷಿನ ಮಾತು ಕಣೋ! ನಮ್ ದುಗ್ಗಿ ಹತ್ರ ಹೇಳಿದ್ದು."

ಗದ್ದೆ ಬೇರೆಯವರ ಪಾಲಾಯಿತು. ಎಂಜಿನಿಯರಿಗೆ ವರ್ಗವಾಯಿತು. ಆಮೇಲೆ ಬಂದವರಿಗೆ ಬೆಳ್ಳಪ್ಪ ಯಾರೆಂದೇ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಹೊಳೆ ಏರಿ ಗದ್ದೆಗೆ ಬಂತು, ಮತ್ತೆ ಇಳಿಯಲಿಲ್ಲ. ಪಾತ್ರೆಪಗಡ, ಬಿಚ್ಚಿದ ಬಾಗಿಲು, ಎರಡು ಹಸು ಕಟ್ಟಿಕೊಂಡು ಅವರು ಸಾಗರದ ಅಂಚಿಗೆ ಬಂದು ಗುಡಿಸಲು ಹಾಕಿದರು. ಬೆಳ್ಳಪ್ಪ ಸಾಮಿಲ್ಲಿನಲ್ಲಿ ದಿಮ್ಮಿ ಹೊರುವ ಕೆಲಸಕ್ಕೆ ಸೇರಿದ.

ಸಂಜೆ ಬಂದು ಕಾಲು ತೊಳೆದು ಕೂತರೆ ಅವನದು ಒಂದೇ ಮಾತು. "ಬೆಣ್ಣೆಯಂಥ ಮಾತಾಡಿ ಹೋದ ಕಳ್ಳ. ಕೊಡಾಕಾಗಲ್ಲ ಅಂದಿದ್ರೆ ನಾನು ಕವಲೇದುರ್ಗಕ್ಕಾದ್ರೂ ಹೋಗ್ತಿದ್ದೆ." ಅಕ್ಕಪಕ್ಕದ ಗುಡಿಸಲಿನವರೂ ಬಂದು ದನಿಗೂಡಿಸುತ್ತಿದ್ದರು. ಬೈದಷ್ಟೂ ಅವನ ಮೈ ಹಗುರಾಗುತ್ತಿತ್ತು. ಉಂಡು ಒಳ್ಳೆಯ ನಿದ್ದೆ ಮಾಡುತ್ತಿದ್ದ.

ದುಗ್ಗಮ್ಮ ಸಾಗರದಲ್ಲೇ ಟೀಚರ್ ಟ್ರೇನಿಂಗಿಗೆ ಸೇರಿದಳು. ಇಂಗ್ಲೀಷ್ ಪಾಠ ಮಾಡುತ್ತಿದ್ದ ಸೀತಾರಾಮಪ್ಪ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ‘ಲುಕ್’ ಎಂದು ಬರೆದು, ಮುಂದೆ ಒಂದರ ಕೆಳಗೊಂದು ಪ್ರಿಪೊಸಿಷನ್ ಬರೆದರು.

"ಲುಕ್ ಫಾರ್ ಅಂದ್ರೆ ಹುಡುಕು. ಲುಕ್ ಆಫ್ಟರ್ ಅಂದ್ರೆ ನೋಡಿಕೋ. ಲುಕ್ ಇನ್‌ಟು ಅಂದ್ರೆ ವಿಚಾರಿಸಿ ನೋಡು. ನಮ್ಮಲ್ಲೂ ಹಾಗೇ ಅಲ್ವಾ? ನೋಡ್ತೀನಿ ಅನ್ನೋದು ಬೇರೆ, ನೋಡ್ಕೊಳ್ತೀನಿ ಅನ್ನೋದು ಬೇರೆ."

ಹುಡುಗಿಯರು ನಕ್ಕರು. ದುಗ್ಗಮ್ಮ ಮಾತ್ರ ಬೋರ್ಡನ್ನೇ ನೋಡುತ್ತಿದ್ದಳು. ಮೇಷ್ಟ್ರು ಮುಂದೆ ಹೇಳಿದ್ದೊಂದೂ ಅವಳಿಗೆ ಕೇಳಿಸಲಿಲ್ಲ.

ಕೆಲವು ದಿನ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದಳು. ಕೊನೆಗೊಂದು ಸಂಜೆ, ಅಪ್ಪ ಎಂದಿನಂತೆ ಬೈಯಲು ಶುರುಮಾಡಿದಾಗ ತಡೆಯಲಾರದೆ ಹೇಳಿಬಿಟ್ಟಳು.

"ಅಪ್ಪಯ್ಯಾ, ಅವ್ರು ನೋಡ್ಕೊಳ್ತೀನಿ ಅಂದೇ ಇಲ್ಲ. ವಿಚಾರ್ಸಿ ನೋಡ್ತೀನಿ ಅಂದಿದ್ರು. ನಂಗೆ ಗೊತ್ತಾಗ್ಲಿಲ್ಲ."

ಬೆಳ್ಳಪ್ಪ ಕೈಯಲ್ಲಿದ್ದ ಎಲೆಯಡಿಕೆಯನ್ನು ಕೆಳಗಿಟ್ಟ.

"ಹಂಗಾರೆ ಆ ಮನ್ಷ ಸುಳ್ಳು ಹೇಳ್ಲಿಲ್ವಾ?"

"ಇಲ್ಲ. ವಿಚಾರ್ಸಿದ್ರೋ ಏನೋ."

"ಎಷ್ಟು ಬೈದ್ನಲ್ಲೇ ಮಗಾ ಅವ್ರಿಗೆ."

"ನಂಗೆ ಬೈಯಪ್ಪಯ್ಯ."

"ನಿಂಗೆ ಎಂತಕ್ಕೆ ಬೈಲಿ? ಮುಂದೆ ನೂಕಿದ್ದು ನಾನು."

ಅಂದಿನಿಂದ ಅವನು ಎಂಜಿನಿಯರನ್ನು ಬೈಯಲಿಲ್ಲ. ಬೇರೆಯವರು ಬೈಯಲು ಕೂತರೆ ಎದ್ದು ಹಸುವಿಗೆ ಹುಲ್ಲು ಹಾಕುವ ನೆವದಲ್ಲಿ ಹೊರಗೆ ಹೋಗುತ್ತಿದ್ದ. ಊಟ ಕಡಿಮೆಯಾಯಿತು. ತಾಯಿ ಮಾಸ್ತಮ್ಮ ಒಮ್ಮೆ ಪಾತ್ರೆ ತಿಕ್ಕುತ್ತಾ, "ಹೇಳದೇ ಇದ್ದಿದ್ರೂ ಆಗ್ತಿತ್ತೇನೋ, ದುಗ್ಗಿ" ಎಂದಳು. ಅದೇ ಮಾತನ್ನು ದುಗ್ಗಮ್ಮ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು.

ಟ್ರೇನಿಂಗ್ ಮುಗಿದ ಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಕವಲೇದುರ್ಗದ ಕೆಳಗಿನ ಶಾಲೆಯಲ್ಲಿ. ಮಾವನ ಮನೆಯಲ್ಲೇ ಉಳಿದಳು. ಹೂವಯ್ಯನವರ ಆ ಗದ್ದೆ ಯಾವುದೆಂದು ಜಟ್ಟಿಂಗಪ್ಪ ತೋರಿಸಲಿಲ್ಲ, ಅವಳೂ ಕೇಳಲಿಲ್ಲ. ರಜೆಯಲ್ಲಿ ಸಾಗರಕ್ಕೆ ಹೋದಾಗಲೆಲ್ಲ, "ಒಂದ್ಸಲ ಬಾ ಅಪ್ಪಯ್ಯ" ಎಂದು ಕರೆಯುತ್ತಿದ್ದಳು. "ಬರಾಣ, ಬರಾಣ" ಅನ್ನುತ್ತಿದ್ದ ಬೆಳ್ಳಪ್ಪ. ಒಮ್ಮೆಯೂ ಬರಲಿಲ್ಲ.