ಕೋಟೆಬಾಗಿಲಿನ ಗೂಡು

ಪರದೇಶದ ಡೀಮೆನ್ ಎಂಬ ಊರಿನ ಒಂಟಿ ಕೋಣೆಯಲ್ಲಿ ಹಿತಾಳಿಗೆ ಮಾತಿಗೆ ಸಿಗುತ್ತಿದ್ದುದು ಕಲ್ಲುಗಳು ಮಾತ್ರ. ಇಂಗ್ಲೆಂಡಿನ ಗಡಿಸೀಮೆ ಶ್ರಾಪ್‌ಶೈರಿನ ನಲವತ್ತು ಪಾಳುಕೋಟೆಗಳ ಚಿತ್ರ ನೋಡಿ, ಅಲ್ಲಿ ಯಾರು ಹೇಗೆ ಕಾವಲಿದ್ದರೆಂದು ಬರೆಯುವುದು ಅವಳ ಸಂಶೋಧನೆ. ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

ಕುರಿ ಮೇಯುವ ಗುಡ್ಡದ ಮೇಲಿನ ಒಂದು ಪುಟ್ಟ ಕೋಟೆ ಅವಳಿಗೆ ಅಚ್ಚುಮೆಚ್ಚು. ಬಾಗಿಲ ಪಕ್ಕದ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಚೌಕ ಗೂಡು, ಅದರ ಮೇಲಂಚು ಕಪ್ಪು. ಪಾವಗಡದ ಕಡೆಯ ತನ್ನೂರ ಕೋಟೆಬಾಗಿಲಲ್ಲಿ ಆಂಜನೇಯನಿಗೆ ಕೈಮುಗಿಯದೆ ಒಳಗೆ ಕಾಲಿಟ್ಟವಳಲ್ಲ ಅವಳು. ಹಿಂದುಮುಂದು ನೋಡದೆ ಬರೆದಳು: ಇದು ಬಾಗಿಲು ಕಾಯುವ ದೇವರ ಗೂಡು, ಕಪ್ಪು ದೀಪದ ಮಸಿ. ಮಾರ್ಗದರ್ಶಕರು ಹಿಗ್ಗಿದರು. ಆ ಒಂದು ಮಾತಿನ ಬಲದ ಮೇಲೆ ಅವಳಿಗೆ ಇನ್ನೊಂದು ವರ್ಷದ ಸಂಬಳ ಕೊಡಿಸಲು ಸೋಮವಾರ ವಿಶ್ವವಿದ್ಯಾಲಯದ ಸಮಿತಿಯನ್ನು ಕೇಳುವುದೆಂದಾಯಿತು. ಸಿಗದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ.

ಚಿತ್ರವನ್ನು ಕೋಣೆಯ ಬಾಗಿಲ ಬಳಿ ಅಂಟಿಸಿ, ಹೊರಡುವಾಗೆಲ್ಲ ಕೈಮುಗಿಯುತ್ತಿದ್ದಳು. ಹೋಗಿ ಬಾ ಎನ್ನಲು ಅಲ್ಲಿ ಬೇರೆ ಯಾರಿದ್ದರು?

ಭಾನುವಾರ ಮಧ್ಯಾಹ್ನ ಅಜ್ಜಿ ಗಿರಿಜಮ್ಮ ವಿಡಿಯೋ ಕಾಲ್ ಮಾಡಿದರು. ಹಿತಾ ಹೆಮ್ಮೆಯಿಂದ ಫೋನನ್ನು ಚಿತ್ರದತ್ತ ತಿರುಗಿಸಿದಳು.

"ನೋಡಿ ಅಜ್ಜಿ, ಅಲ್ಲೂ ಬಾಗಿಲ ದೇವರು!"

"ವಿಗ್ರಹ ಎಲ್ಲೈತೆ?"

"ಹೋಗ್ಬಿಟ್ಟಿದೆ. ಎಂಟುನೂರು ವರ್ಷ ಆಯ್ತಲ್ಲ."

"ಎದುರು ಗೋಡೇಲಿ ಏನೈತೆ?"

"ಅದೇ ಎತ್ತರಕ್ಕೆ ಇನ್ನೊಂದು ತೂತು. ಚಿಕ್ಕದು."

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಅಯ್ಯೋ ಪೆದ್ದಿ! ಅದು ಅಗುಳಿ ತೂತು ಕಣೆ. ನಮ್ ಹಳೇ ಮನೆ ಬಾಗ್ಲಿಗೆ ಅಡ್ಡ ಎಳೀತಿದ್ವಲ್ಲ ಮರದ ತೊಲೆ, ಹಗಲೆಲ್ಲ ಗೋಡೆಯೊಳಗೇ ಮಲಗಿರ್ತಿತ್ತು. ಅದ್ರೊಳಗೆ ಕೈ ಹಾಕಿ ಚೇಳು ಕಡಿಸ್ಕೊಂಡೋಳು ನೀನೇ. ಮರೆತ್ಯಾ?"

ಹಿತಾ ಆ ಕೋಟೆಯ ಅಳತೆಗಳನ್ನು ಬರೆದಿದ್ದ ಹಾಳೆ ಹುಡುಕಿ ತೆಗೆದಳು. ಗೂಡಿನ ಆಳ ಒಂಬತ್ತು ಅಡಿ. ದೇವರನ್ನು ಯಾರೂ ಅಷ್ಟು ಒಳಗೆ ಕೂರಿಸುವುದಿಲ್ಲ. ಕಪ್ಪು ಬರೀ ಪಾಚಿಯಿರಬೇಕು.

"ಈಗ ಹೇಳಿದ್ರೆ ನನ್ ಕೆಲಸ ಹೋಗತ್ತೆ ಅಜ್ಜಿ. ಹೇಳ್ದಿದ್ರೆ ಯಾರಿಗೂ ಗೊತ್ತಾಗಲ್ಲ."

"ದೇವ್ರ ಹೆಸ್ರಲ್ಲಿ ಸುಳ್ಳು ಬರೀತೀಯೇನೆ?" ಅಜ್ಜಿ ಗೋಡೆ ಗಡಿಯಾರದತ್ತ ನೋಡಿದರು. "ಉಂಡ್ಯಾ? ಮೊದ್ಲು ಉಣ್ಣು."

ಉಂಡು ಕೈತೊಳೆದು ಮಾರ್ಗದರ್ಶಕರಿಗೆ ಬರೆದಳು: ಅಲ್ಲಿ ದೇವರಿರಲಿಲ್ಲ, ಅಗುಳಿಯಿತ್ತು. ತಪ್ಪು ನನ್ನದು.

ಸಂಜೆಯೊಳಗೆ ಉತ್ತರ ಬಂತು. ತಿಳಿಸಿದ್ದಕ್ಕೆ ವಂದನೆ, ಆದರೆ ನಾಳೆ ಸಮಿತಿಯ ಮುಂದೆ ನಿಮ್ಮ ಹೆಸರು ಇಡಲಾರೆ.

ಹಿತಾ ಚಿತ್ರದ ಮುಂದೆ ಕೂತಳು. ಹೊತ್ತು ಮುಳುಗುವಾಗ ಆ ಗುಡ್ಡದ ಮೇಲೆ ಒಬ್ಬ ತೊಲೆ ಎಳೆಯುತ್ತಿದ್ದಿರಬೇಕು. ಗಡಿಯಾಚೆಯಿಂದ ಯಾರು ಬರುವರೋ ಎಂಬ ದಿಗಿಲು, ಜೊತೆಗಿರಲು ಬಾಗಿಲ ದೇವರೂ ಇಲ್ಲ.

ಸೋಮವಾರ ಬೆಳಿಗ್ಗೆ ವಿಶ್ವವಿದ್ಯಾಲಯದಲ್ಲಿದ್ದ ತನ್ನ ಮೇಜು ಖಾಲಿ ಮಾಡಲು ಹೊರಟಾಗ ಕೈ ತಾನಾಗಿ ಮುಗಿಯಿತು. "ಹೋಗಿ ಬರ್ತೀನಪ್ಪ," ಎಂದು ಆ ಹೆಸರಿಲ್ಲದ ಕಾವಲುಗಾರನಿಗೆ ಹೇಳಿ ಬಾಗಿಲೆಳೆದುಕೊಂಡಳು.