ಬೇಳೆ ಬೇಯುವ ನೀರು

"ತಳಕ್ಕೂ ಹಾಕ್ತೀರೇನ್ರಿ?" ಎಂದು ತುಳಜಾಬಾಯಿ ಎರಡನೆಯ ಸಲ ಕೇಳಿದಳು.

ಓವರ್ಸಿಯರ್ ದೌಲತರಾಯ ಈ ಸಲವೂ ತಲೆ ಎತ್ತಲಿಲ್ಲ. ಹಳ್ಳದ ಉಸುಕಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅಳತೆಯ ಟೇಪು ಸುತ್ತುತ್ತಿದ್ದ. ದಂಡೆಯ ಉದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತ ಬಂದ ಅವನ ಆಳು ಬಸರಿ ಗಿಡದ ಬೇರು ದಾಟಿ, ನಡುಹಳ್ಳಕ್ಕಿಳಿದು, ಒರತೆಯ ಬಾಯಿಯ ಮೇಲೆಯೇ ಗೆರೆ ಹಾಯಿಸಿದ್ದ. ನೀರು ಬೆಳ್ಳಗೆ ಕದಡಿತು. ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರು ಬೈದುಕೊಂಡು ಹಿಂದೆ ಸರಿದರು.

"ಹೌದ್ರಿ ಬಾಯಾರ. ಎರಡೂ ಕಡಿ ಗ್ವಾಡಿ, ತಳಕ್ಕ ಕಾಂಕ್ರೀಟು. ಎಷ್ಟರ ನೀರು ಬರಲಿ, ನಿಲ್ಲಂಗಿಲ್ಲ. ಸೀದಾ ಊರು ದಾಟಿ ಹೋಗ್ತದ."

"ದಾಟಿ ಯಾರ ಮನಿಗಿ ಹೋಗ್ತದ?"

"ಅದು ನನ್ನ ಹದ್ದಿನಾಗ ಬರಂಗಿಲ್ರಿ."

"ಮತ್ತ ವರತಿ?"

"ವರತಿ ನಕಾಶದಾಗ ಇಲ್ಲ."

ಗೋಡೆ ಬೇಕೆಂದು ಮೊದಲು ಗಂಟಲು ಹರಿದುಕೊಂಡವಳು ತುಳಜಾಬಾಯಿಯೇ. ಹೋದ ಭಾದ್ರಪದದಲ್ಲಿ ಹಳ್ಳ ಉಕ್ಕಿ ಆಳಂದದ ಈ ತಗ್ಗಿನ ಓಣಿಗೆ ನುಗ್ಗಿತ್ತು. ತಿರುವಿನಲ್ಲಿದ್ದ ಪೀರಬಿಯ ಮನೆಯ ಹಿಂಗೋಡೆ ಕುಸಿದು, ಗೂಟಕ್ಕೆ ಕಟ್ಟಿದ ಆಡುಗಳು ಕಟ್ಟಿದಲ್ಲೇ ಸತ್ತವು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪೀರಬಿ ಹೇಗೋ ಏರು ಹತ್ತಿ ಬಂದು ತುಳಜಾಬಾಯಿಯ ಖಾನಾವಳಿಯಲ್ಲಿ ಬಿದ್ದುಕೊಂಡಿದ್ದಳು. ಆಮೇಲೆ ಗುಲಬರ್ಗಾದಿಂದ ದೊಡ್ಡ ಸಾಹೇಬರು ನೋಡಲು ಬಂದಾಗ ಓಣಿಯ ಗಂಡಸರು ಕೈ ಮುಗಿದು ಬದಿಗೆ ನಿಂತರು. ಜೀಪಿಗೆ ಅಡ್ಡ ನಿಂತು ಮಾತಾಡಿದವಳು ಇವಳೊಬ್ಬಳೇ.

ಆಗ ಒರತೆಯ ನೆನಪು ಅವಳಿಗೂ ಬಂದಿರಲಿಲ್ಲ. ಈಗ ಬೇಸಿಗೆ. ಆಳಂದದಲ್ಲಿ ತೊಗರಿಗೆ ಬರವಿಲ್ಲ, ಅದನ್ನು ಬೇಯಿಸುವ ನೀರಿಗೆ ಬರ. ಬೋರಿನ ನೀರು ಸವಳು. ಅದರಲ್ಲಿ ಬೇಳೆ ಮಧ್ಯಾಹ್ನದವರೆಗೆ ಕುದ್ದರೂ ಬೇಳೆಯಾಗಿಯೇ ಇರುತ್ತದೆ. ಒರತೆಯ ನೀರಾದರೆ ಒಲೆಯ ಮೇಲಿಟ್ಟು ಕಸ ಗುಡಿಸಿ ಬರುವಷ್ಟರಲ್ಲಿ ಕರಗಿರುತ್ತದೆ. ಬಸ್ ಸ್ಟ್ಯಾಂಡಿನ ಡ್ರೈವರುಗಳೂ ಅಡತಿ ಅಂಗಡಿಯ ಹಮಾಲರೂ ಅಷ್ಟು ದೂರ ನಡೆದು ಬಂದು ಅವಳ ಖಾನಾವಳಿಯಲ್ಲಿ ಉಣ್ಣುತ್ತಿದ್ದದ್ದು ಆ ಬೇಳೆಗಾಗಿ. ಓಣಿಯ ಮಂದಿ ಕುಡಿಯುತ್ತಿದ್ದದ್ದೂ ಅದೇ ನೀರು. ನಳ ಬಂದರೆ ಬಂತು, ಇಲ್ಲವಾದರೆ ಇಲ್ಲ.

"ದಿನಾ ನನ್ನ ಬ್ಯಾಳಿ ಉಂಡು, ಅದರ ಬಾಯಿಗೇ ಸಿಮೆಂಟ್ ಹಾಕಾಕ ಬಂದೀರಲ್ಲ, ನಾಚಿಕಿ ಬರಂಗಿಲ್ಲೇನು ನಿಮಗ?"

ದೌಲತರಾಯ ಎದ್ದು ನಿಂತು ಪ್ಯಾಂಟಿನ ಉಸುಕು ಝಾಡಿಸಿದ. "ನಾನೂ ಕರಜಗಿಯಾಂವ ಬಾಯಾರ. ಹೊಳಿ ಉಸುಕು ತೋಡಿ ನೀರು ಕುಡದಾಂವ. ನನಗ ತಿಳಿಯಂಗಿಲ್ಲೇನು? ತಳ ಮುಚ್ಚಿದ್ರ ವರತಿ ಅಷ್ಟ ಅಲ್ಲ, ದಂಡಿ ಮ್ಯಾಗಿನ ಬಾವಿ ಸೆಲೀನೂ ಬತ್ತತದ. ಗಿಡ ಒಣಗ್ತಾವ. ಗುಲಬರ್ಗಾಕ್ಕ ಹೋಗಿ ಇದನ್ನೆಲ್ಲಾ ಹೇಳಿ ಬಂದೀನಿ."

"ಏನಂದ್ರು?"

"ಒಣಗೂದರಾಗ ಗಿಡ ಕಡೀರಿ ಅಂದ್ರು."

"ಹಂಗಾರ ಬರೇ ಗ್ವಾಡಿ ಕಟ್ರಿ. ತಳ ಬಿಡ್ರಿ."

"ಬಿಡಬೇಕಂದ್ರ ಇದು ಕಾಗದದಾಗ ಹಳ್ಳ ಆಗಬೇಕು. ಹಳ್ಳ ನೀರಾವರಿಯವರದು, ಅವರ ಹತ್ರ ರೊಕ್ಕಿಲ್ಲ. ನಾಲಾ ಅಂದ್ರ ಗಟಾರ, ಅದು ನಮ್ಮದು, ನಮಗ ಮಂಜೂರಿ ಅದ. ನಾಲಾ ಅಂದಮ್ಯಾಲ ತಳ ಹಾಕಲೇಬೇಕು. ಅದು ನೇಮ."

"ಇದನ್ನ ನಾಲಾ ಅಂದ ಹಲ್ಕಟ್ ಯಾವಾಂವ?"

ದೌಲತರಾಯ ಈಗ ಅವಳ ಮುಖವನ್ನೇ ನೋಡಿದ. "ನೀವೇ ಅಂದ್ರಲ್ರಿ."

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು.

"ಜೀಪಿಗಿ ಅಡ್ಡ ನಿಂತು ಅಂದ್ರಿ. ಈ ಹೊಲಸು ನಾಲಾ ನಮ್ಮ ಜೀವ ತಗೊಳ್ಳಾಕತ್ತದ, ಕಲ್ಲು ಬಡದು ಮುಚ್ಚಿಬಿಡ್ರಿ ಅಂತ. ಸಾಹೇಬರು ಅಲ್ಲೇ ನನ್ನ ಕಡಿ ತಿರುಗಿ, ನಾಲಾ ಅಂತನ ಬರಿ, ಜನಾನೇ ಅನ್ನಾಕತ್ತಾರ ಅಂದ್ರು."

"ಸಿಟ್ಟಿನಾಗ ಅಂದಿದ್ದು! ಮಗನಿಗಿ ನಿನ್ನ ಹೆಣಾ ಎತ್ತಲಿ ಅಂತ ಬೈತೀವಿ. ಅದನ್ನ ಕೇಳಿ ಚಟ್ಟ ಕಟ್ಟಾಕ ಬರ್ತೀರೇನು?"

ಯಾರೂ ನಗಲಿಲ್ಲ. ದೌಲತರಾಯ ಟೇಪನ್ನು ಜೇಬಿಗೆ ಹಾಕಿಕೊಂಡು, "ನೋಡ್ರಿ, ಒಂದ ಮಾತು. ಓಣಿ ಮಂದಿ ತಳ ಬ್ಯಾಡ ಅಂದ್ರ ಕೆಲಸ ನಿಲ್ಲಿಸಿ ಫೈಲು ವಾಪಸ್ ಕಳಸ್ತೀನಿ. ಮತ್ತ ಅಳತಿ, ಮತ್ತ ಮಂಜೂರಿ. ಈ ಮಳಿಗಾಲದಾಗಂತೂ ಗ್ವಾಡಿ ಆಗಂಗಿಲ್ಲ. ಬರೂ ವರ್ಷ ಆಗ್ತದಂತ ನಾ ಆಣಿ ಮಾಡಂಗಿಲ್ಲ. ಹೇಳ್ರಿ," ಎಂದ.

"ಕಳಸ್ರಿ ವಾಪಸ್," ಎಂದಳು ತುಳಜಾಬಾಯಿ.

"ಕಳಸಬ್ಯಾಡ್ರಿ ಸಾಹೇಬ್ರಾ."

ದಂಡೆಯ ಮೇಲಿಂದ ಪೀರಬಿ ಇಳಿದು ಬರುತ್ತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು, ಕೈಗೆಲ್ಲ ಕೆಸರು ಮೆತ್ತಿತ್ತು. ಬಿದ್ದ ಹಿಂಗೋಡೆಯನ್ನು ಅವಳು ಇನ್ನೂ ಕಟ್ಟಿ ಮುಗಿಸಿರಲಿಲ್ಲ.

"ಏನ್ ಬೇ ಪೀರಬಿ, ನೀನೂ ಇದೇ ನೀರ ಕುಡೀತಿ."

"ಕುಡೀತೀನಿ ತುಳಜಕ್ಕಾ. ಹೋದ ಸಲ ಮೂಗಿನ ಮಟಾ ಕುಡದೀನಿ."

"ಹುಚ್ಚಿ ಇದ್ದೀ ಏನು? ವರತಿ ಹೋದ್ರ ಮತ್ತ ಹುಟ್ಟಂಗಿಲ್ಲ."

"ನಿನ್ನ ಮನಿ ಏರಿನ ಮ್ಯಾಲದ ಅಕ್ಕಾ. ನಿನಗ ಬ್ಯಾಳಿ ಬೇಯೂ ಫಿಕರ್. ನನಗ ಮ್ವಾಡ ಆದ್ರ ಎದಿ ಡವಡವ ಅಂತದ. ಮಳಿ ಬಂದ್ರ ಮೊಮ್ಮಗಳನ್ನ ಎಲ್ಲಿ ಮಲಗಸ್ಲಿ? ನಿನ್ನ ಬ್ಯಾಳಿ ಡಬರ್ಯಾಗ?"

"ನೀರಿಲ್ದ ಬದುಕ್ತದೇನು ಆ ಕೂಸು?"

"ನೀರು ದೂರಿಂದ ಹೊತ್ತು ತರ್ತೀನಿ. ಹೊತ್ತು ತರಾಕ ಬರ್ತದ. ಹರಕೊಂಡು ಹೋದ ಕೂಸಿನ್ನ ಎಲ್ಲಿಂದ ಹೊತ್ತು ತರ್ಲಿ, ಹೇಳು."

ಕೊಡ ಹಿಡಿದ ಹೆಂಗಸರು ಇಬ್ಬರ ಮುಖವನ್ನೂ ನೋಡಲಿಲ್ಲ. ತಗ್ಗಿನ ಮನೆಯವರು ಒಬ್ಬೊಬ್ಬರೇ ಸರಿದು ಪೀರಬಿಯ ಬದಿಗೆ ನಿಂತರು. ತುಳಜಾಬಾಯಿಗೆ ದೌಲತರಾಯನ ಮೇಲೆ ಸಿಟ್ಟಿತ್ತು, ಜೀಪಿನ ಸಾಹೇಬನ ಮೇಲೆ ಸಿಟ್ಟಿತ್ತು. ಪೀರಬಿಯ ಮೇಲೂ ಸಿಟ್ಟು ಮಾಡಲು ನೋಡಿದಳು. ಅವಳು ಹೇಳಿದ್ದರಲ್ಲಿ ಒಂದು ಸುಳ್ಳಾದರೂ ಇದ್ದಿದ್ದರೆ ಅದು ಸಾಧ್ಯವಾಗುತ್ತಿತ್ತು.

"ಬಾಯಾರ?" ಎಂದ ದೌಲತರಾಯ.

"ಹಾಕ್ಕೋರಿ. ತಳಾನೂ ಹಾಕ್ರಿ, ಮ್ಯಾಲ ಮುಚ್ಚಳಾನೂ ಹಾಕ್ರಿ!" ಎಂದು ಅವಳು ಖಾಲಿ ಕೊಡ ಹಿಡಿದೇ ಏರು ಹತ್ತಿ ಹೋದಳು.

ಕೆಲಸ ಬೇಗ ಬೇಗ ನಡೆಯಿತು. ಗಿಡ ಕಡಿದರು. ಎರಡೂ ಬದಿಯ ಗೋಡೆ ಎದ್ದಿತು. ಪೀರಬಿಯ ಮನೆಯೀಗ ಹಳ್ಳದಿಂದ ಕಾಣುತ್ತಿರಲಿಲ್ಲ. ಸಿಮೆಂಟು ಕಲಸಲು ನೀರು ಎಲ್ಲಿಂದ ಎಂದು ಗುತ್ತೇದಾರ ಯಾರನ್ನೂ ಕೇಳಲಿಲ್ಲ. ಅವನ ಆಳುಗಳು ಒರತೆಯನ್ನೇ ಅಗಲ ಮಾಡಿ ಬಕೆಟ್ಟಿನಿಂದ ಗೋರಿದರು. ಮೇಲಿಂದ ಹಾಸುತ್ತ ಬಂದ ಕಾಂಕ್ರೀಟು ಕೊನೆಗೆ ಒರತೆಯ ಹತ್ತಿರ ಬಂತು.

ಅಲ್ಲಿ ಗೌಂಡಿ ರೇವಣಪ್ಪನಿಗೆ ತಲೆ ಕೆಟ್ಟಿತು. ಕಲ್ಲು ತುಂಬಿದ, ಕಾಂಕ್ರೀಟು ಸುರಿದ, ಕರಣಿಯಿಂದ ಸವರಿದ. ಬೀಡಿ ಸೇದಿ ಬರುವಷ್ಟರಲ್ಲಿ ಕೆಳಗಿಂದ ನೀರು ಜಿನುಗಿ ಅಷ್ಟೂ ಅಂಬಲಿಯಂತೆ ತೆಳ್ಳಗಾಗಿತ್ತು. ಬಳಿದು ತೆಗೆದು ಮತ್ತೆ ಸುರಿದ. ಮತ್ತೆ ಹಾಗೆಯೇ ಆಯಿತು.

"ಇದರವ್ವನ, ಸಾಯವಲ್ದು," ಎಂದ.

ತುಳಜಾಬಾಯಿ ಬಂದು ಹೊಸ ಗೋಡೆಯ ಮೇಲೆ ನಿಂತಿದ್ದಳು. ಅದೇ ಗೋಡೆಯ ಮೇಲೆ, ಆಚೆ ತಿರುವಿನಲ್ಲಿ, ಪೀರಬಿ ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಇಬ್ಬರೂ ಕೆಳಗೆ ನೋಡುತ್ತಿದ್ದರು.

ರೇವಣಪ್ಪ ಒಂದು ಚೀಲ ಸೀಳಿ ಒಣ ಸಿಮೆಂಟನ್ನು ಹಾಗೆಯೇ ಗುಡ್ಡೆ ಹಾಕಿ ಕಾಲಿಂದ ತುಳಿದ. ಧೂಳು ಎದ್ದು ಇಳಿಯಿತು. ಬೂದು ಪುಡಿಯ ನಡುವೆ ಸ್ವಲ್ಪ ಹೊತ್ತಿಗೆ ಅಂಗೈಯಷ್ಟು ಜಾಗ ನೆಂದು ಕಪ್ಪಾಯಿತು. ನೋಡುತ್ತಿದ್ದಂತೆ ಅಗಲವಾಗತೊಡಗಿತು.

"ಇನ್ನೊಂದು ಚೀಲ ತರ್ರಿ," ಎಂದ ರೇವಣಪ್ಪ.