ಮೇಷ್ಟ್ರು ಹೇಳದ ಮಾತು

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಸೈಕಲ್ಲಾಟ. ಗಾದೆ ಕೆಡಿಸಿದ್ದೇನೆ, ಕಥೆ ಕೆಡಿಸುವುದಿಲ್ಲ, ಇದು ನಡೆದದ್ದು. ಬೆಕ್ಕು ನಾನು.

ಇಲಿ ನಮ್ಮಕ್ಕ. ವಾರವೆಲ್ಲ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು ಭಾನುವಾರ ಒಂದು ಹಳೇ ಗೋದಾಮಿಗೆ ಹೋಗಿ, ಕಸರತ್ತಿನ ಪುಟ್ಟ ಬಿಎಂಎಕ್ಸ್ ಸೈಕಲ್ ಹತ್ತಿ ಹಾರಿ, ಗಾಳಿಯಲ್ಲೇ ಪೂರ್ತಿ ಒಂದು ಸುತ್ತು ತಿರುಗುವುದನ್ನು ಕಲಿಯುತ್ತಿದ್ದಳು. ಕಲಿಸುವ ಮೇಷ್ಟ್ರದು ಗೊಗ್ಗರು ದನಿ, ಮಾತಿಗೆ ರೇಷನ್ನು. ಕಲಿಯುವವರು ಹಾರಿ ಬೀಳಬೇಕಾದ್ದು ಹಳೇ ಹಾಸಿಗೆ ಸ್ಪಂಜು ತುಂಬಿದ ಗುಂಡಿಗೆ. ಪಕ್ಕದಲ್ಲೇ, ತಪ್ಪಿ ಬಿದ್ದರೆ ಮೂಳೆ ಮುರಿಯುವ ಹಲಗೆಯ ಇಳಿಜಾರು. "ಹಲಗೆಗೆ ಹೋಗು" ಅಂತ ಮೇಷ್ಟ್ರ ಬಾಯಿಂದ ಬರುವ ತನಕ ಯಾರೂ ಆ ಕಡೆ ಚಕ್ರ ಇಡುವಂತಿಲ್ಲ. ಹಲಗೆಗೆ ಹೋದವರಷ್ಟೇ ಅವರ ತಂಡಕ್ಕೆ. ಅಕ್ಕನಿಗೆ ಆ ತಂಡ ಬೇಕಿತ್ತು.

ಹತ್ತು ತಿಂಗಳಾದರೂ ಆ ಮಾತು ಬರಲಿಲ್ಲ. ಮುಕ್ಕಾಲು ಸುತ್ತಿಗೇ ಅವಳ ಕತ್ತು ನಿಂತುಬಿಡುತ್ತಿತ್ತು. "ಮೊದಲು ತಲೆ ತಿರುಗ್ಬೇಕು, ಸೈಕಲ್ ಹಿಂದೆ ಬರುತ್ತೆ" ಅನ್ನುತ್ತಿದ್ದರು ಮೇಷ್ಟ್ರು.

"ನನ್ನ ಕಂಡ್ರೆ ತಲೆ ತಿರುಗುತ್ತಲ್ಲ ಅಕ್ಕಾ, ಹಾಗೇ ತಿರುಗ್ಸು" ಅಂದೆ.

"ನಿನ್ನ ಕಂಡ್ರೆ ಹೊಟ್ಟೆ ತೊಳಸುತ್ತೆ. ಅದು ಬೇರೆ ರೋಗ ಕಣೋ."

ಒಂದು ಭಾನುವಾರ ನಾನೂ ಗೋದಾಮಿಗೆ ಹೋಗಿದ್ದೆ. ಮೇಷ್ಟ್ರು ಟೀಗೆ ಹೊರಗೆ ಹೋದದ್ದನ್ನು ಅಕ್ಕ ನೋಡಿರಲಿಲ್ಲ. ಅವರು ಕೂರುವ ತಗಡಿನ ಮರೆಯ ಹಿಂದೆ ನಿಂತು ಗಂಟಲು ಒರಟು ಮಾಡಿಕೊಂಡೆ. "ಏನಮ್ಮಾ, ಸ್ಪಂಜಲ್ಲೇ ಮನೆ ಕಟ್ತೀಯಾ? ನೀನು ತಯಾರಿದೀಯ. ಹಲಗೆಗೆ ಹೋಗು."

ಚಪ್ಪಲಿ ಹಾರಿ ಬರುತ್ತದೆ ಅಂದುಕೊಂಡಿದ್ದೆ. "ಆಯ್ತು ಸಾರ್" ಅಂದಳು.

ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಹೊರಟಳು. ಬೇಡ ಅನ್ನಲು ನನ್ನ ದನಿಯೂ ಬರಲಿಲ್ಲ, ಮೇಷ್ಟ್ರದೂ ಬರಲಿಲ್ಲ. ಹಾರಿದಳು. ತಲೆ ತಿರುಗಿತು, ಸೈಕಲ್ ಹಿಂದೆ ಬಂತು, ಪೂರ್ತಿ ಒಂದು ಸುತ್ತು. ಎರಡೂ ಚಕ್ರ ಒಟ್ಟಿಗೇ ಹಲಗೆಗೆ ಠಪ್ಪೆಂದವು.

"ಬಂತು ಸಾರ್! ನೋಡಿದ್ರಾ ಸಾರ್?" ಅನ್ನುತ್ತಾ ತಗಡಿನ ಹಿಂದೆ ಓಡಿ ಬಂದಳು. ಅಲ್ಲಿದ್ದವನು ನಾನು, ಹಲ್ಲು ಕಿರಿದುಕೊಂಡು.

ನನ್ನ ಆಚೆ ಈಚೆ ಮೇಷ್ಟ್ರನ್ನು ಹುಡುಕಿದಳು. "ಹಾಗಾದ್ರೆ ಅವರು ಹೇಳ್ಲಿಲ್ವಾ?"

ಮೇಷ್ಟ್ರು ಬಂದ ಮೇಲೆ ನಾನೇ ಎಲ್ಲ ಒಪ್ಪಿಕೊಂಡೆ. "ನಿಜವಾಗ್ಲೂ ಮಾಡಿದ್ಲು ಸಾರ್, ಕಣ್ಣಾರೆ ನೋಡ್ದೆ."

"ಎಲ್ಲಿ, ನನ್ನೆದುರು ಸ್ಪಂಜಿಗೆ ಮಾಡ್ಲಿ."

ಮುಕ್ಕಾಲು ಸುತ್ತು. ಇನ್ನೊಮ್ಮೆ, ಮತ್ತೆ ಮುಕ್ಕಾಲೇ. ಮುಂದಿನ ಭಾನುವಾರವೂ, ಅದರಾಚೆಯ ಎಲ್ಲ ಭಾನುವಾರಗಳೂ ಅಷ್ಟೇ. ಮೂರು ತಿಂಗಳ ಮೇಲೆ ಮೇಷ್ಟ್ರ ಬಾಯಿಂದ ಕೊನೆಗೂ ಮಾತು ಬಂತು. "ನಿನಗಿದು ಒಗ್ಗಲ್ಲಮ್ಮ, ಬಿಟ್ಬಿಡು."

ಈಗ ಆ ಸೈಕಲ್ಲಿನ ಹ್ಯಾಂಡಲ್ ಮೇಲೆ ನಮ್ಮನೆ ಟವೆಲ್ಲುಗಳು ಒಣಗುತ್ತವೆ.

ನೆಂಟರು ಬಂದರೆ ಅಕ್ಕನೇ ನನ್ನನ್ನು ಎಬ್ಬಿಸುತ್ತಾಳೆ. "ಏ, ಮೇಷ್ಟ್ರ ಥರ ಮಾಡೋ." ಅವರ ಕೆಮ್ಮು ಮಾಡುತ್ತೇನೆ, ಟೀ ಸೊರಸೊರ ಹೀರುವುದನ್ನು ಮಾಡುತ್ತೇನೆ, ನಡಿಗೆಯನ್ನೂ ಮಾಡುತ್ತೇನೆ.

"ಅದಲ್ಲ ಕಣೋ. ಅವತ್ತಿಂದು."

ಬೇಡ ಅಕ್ಕಾ ಅಂದರೆ ಬಿಡುವುದಿಲ್ಲ. ಗಂಟಲು ಒರಟು ಮಾಡುತ್ತೇನೆ. "ನೀನು ತಯಾರಿದೀಯ. ಹಲಗೆಗೆ ಹೋಗು."

ಮನೆಯೆಲ್ಲ ನಗುತ್ತದೆ. ಎಲ್ಲರಿಗಿಂತ ಜೋರಾಗಿ ಅಕ್ಕ.